ಎವಾರಿಸ್ಟ್ ಹಿಂತಿರುಗಿ ನಕ್ಕದ್ದು

ಲುಕುಸಾನನ್ನು ಯಾರಾದರೂ 'ಹಾಡಿನ ವಿಡಿಯೋ ಮಾಡೋನು' ಎಂದು ಸಸಾರ ಮಾಡಿದರೆ ಅವನಿಗೆ ಮೂಗಿನ ತುದಿಗೇ ಸಿಟ್ಟು ಬರುತ್ತಿತ್ತು. "ಹೌದಪ್ಪ, ಹಾಡಿಂದೇ ಮಾಡ್ದೆ. ನಿನ್ನ ಮದುವೇಲಿ ಸೊಂಟ ಕುಣಿಸಿದ್ಯಲ್ಲ, ಅದನ್ನ ಯಾರ ವಿಡಿಯೋ ನೋಡಿ ಕಲ್ತೆ?" ಎಂದು ಕೇಳಿ ಎದುರಿನವರ ಬಾಯಿ ಮುಚ್ಚಿಸುತ್ತಿದ್ದ. ಮಾತು ಸುಳ್ಳಲ್ಲ. ಕಿನ್ಶಾಸಾದ ಹೆಸರಾಂತ ಬ್ಯಾಂಡುಗಳೆಲ್ಲ ಅವನ ಕ್ಯಾಮೆರಾದ ಮುಂದೆ ಬೆವರು ಸುರಿಸಿದ್ದವು. ಕರೆಂಟು ಕೈಕೊಟ್ಟ ದಿನ ಟ್ಯಾಕ್ಸಿಗಳನ್ನು ಸಾಲಾಗಿ ನಿಲ್ಲಿಸಿ ಅವುಗಳ ದೀಪದಲ್ಲೇ ಕುಣಿಸಿದ್ದ. ಮಳೆನೀರು ಮೊಣಕಾಲುದ್ದ ನಿಂತ ಬೀದಿಗೆ ನರ್ತಕರನ್ನು ಇಳಿಸಿದ್ದ; ಆಮೇಲೆ ಊರಿಗೆ ಊರೇ ಪ್ಯಾಂಟು ಮಡಚಿಕೊಂಡು ಕುಣಿಯಿತು. ಸಿನಿಮಾ ಮಾಡಿ ಚಿತ್ರೋತ್ಸವಗಳಿಗೆ ಹೋಗಿ ಬಂದವರ ಹೆಸರು ಯಾರಿಗೆ ನೆನಪಿದೆ? ಲುಕುಸಾನ ಹೆಜ್ಜೆಗಳು ಇವತ್ತಿಗೂ ಮದುವೆಮನೆಗಳಲ್ಲಿ ಬದುಕಿವೆ.

ಆದರೆ ಅವನು ಬಾಯಿಬಿಟ್ಟು ಹೇಳಿಕೊಳ್ಳದ ಹೆಮ್ಮೆ ಒಂದಿತ್ತು. ಮೊಪೆಪೆ ಬ್ಯಾಂಡಿನ ಗಾಯಕ ಎವಾರಿಸ್ಟ್ ತೀರಿಕೊಂಡು, ಯೋಲೋ ಬಡಾವಣೆಯ ಬೀದಿಗೆ ಅಡ್ಡಲಾಗಿ ಶಾಮಿಯಾನ ಎದ್ದ ದಿನ ಅದು ಅವನ ನಾಲಿಗೆಯ ತುದಿಗೇ ಬಂದು ಕೂತಿತು.

ಮಧ್ಯಾಹ್ನದ ಬಿಸಿಲು. ಶವಪೆಟ್ಟಿಗೆಯಲ್ಲಿ ಎವಾರಿಸ್ಟ್ ಬಿಳಿ ಸೂಟು, ಮೊಸಳೆ ಚರ್ಮದ ಬೂಟು ತೊಟ್ಟು ಮದುಮಗನ ಹಾಗೆ ಮಲಗಿದ್ದ. ಧ್ವನಿವರ್ಧಕದಲ್ಲಿ ಅವನದೇ ಹಾಡು. ಬಿಯರ್ ಹಿಡಿದು ಅಳುವವರು ಅಳುತ್ತಿದ್ದರು, ಕುಣಿಯುವವರು ಕುಣಿಯುತ್ತಿದ್ದರು. ಅಷ್ಟರಲ್ಲಿ ಬೀದಿಯ ತುದಿಯಲ್ಲಿ ಗಲಾಟೆ ಎದ್ದಿತು. ಕಿಯಾಲಾ ಬಂದಿದ್ದ.

ಎವಾರಿಸ್ಟ್ ಜೊತೆ ಒಂದೇ ಅಂಗಳದಲ್ಲಿ ಬೆಳೆದು, ಮೊಪೆಪೆ ಕಟ್ಟಿ, ಅದಕ್ಕೆ ಗಿಟಾರ್ ನುಡಿಸಿದವನು ಈ ಕಿಯಾಲಾ. ಒಂದು ದಿನ ಅರ್ಧ ಬ್ಯಾಂಡನ್ನು ಕರೆದುಕೊಂಡು ಹೊರಟುಹೋಗಿ 'ಅಸಲಿ ಮೊಪೆಪೆ' ಶುರುಮಾಡಿದ್ದ. ಬ್ಯಾಂಡು ಒಡೆಯುವುದು ಈ ಊರಿಗೆ ಹೊಸದೇನಲ್ಲ. ಆದರೆ ಅವರಿಬ್ಬರು ಆಮೇಲೆ ಒಂದೇ ಮೇಜಿನಲ್ಲಿ ಕೂತದ್ದನ್ನು ಯಾರೂ ಕಂಡಿರಲಿಲ್ಲ.

ಎವಾರಿಸ್ಟನ ಅಭಿಮಾನಿಗಳ ಮುಖಂಡ ಡೀಮೆರ್ಸಿ ಅಡ್ಡ ನಿಂತ. "ಬದುಕಿದ್ದಾಗ ಬರದೋನು ಈಗ ಪೆಟ್ಟಿಗೆ ನೋಡೋಕೆ ಬಂದ್ಯಾ? ನಡಿ ವಾಪಸ್ಸು!"

"ನಮ್ಮಣ್ಣ ಕಣೋ ಅವನು," ಎಂದ ಕಿಯಾಲಾ. ಸೂಟಿನ ತೋಳು ಆಗಲೇ ಹರಿದಿತ್ತು.

"ಅಣ್ಣ ಅಂತೆ! ಅಸಲಿ ಅಣ್ಣನೋ, ನಕಲಿ ಅಣ್ಣನೋ?"

ಜನ ನಕ್ಕರು. ಒಬ್ಬ ಕುರ್ಚಿ ಎತ್ತಿದ. ಆಗ ಒಳಗಿನಿಂದ ಎವಾರಿಸ್ಟನ ಹೆಂಡತಿ ಹೊನೊರೀನ್ ಬಂದಳು. ಹೆಂಗಸರಿಬ್ಬರು ಅವಳನ್ನು ಹಿಡಿದುಕೊಂಡಿದ್ದರು.

"ಬಿಡ್ರೋ ಅವನನ್ನ," ಎಂದಳು. "ಜಗಳ ಆದ್ಮೇಲೂ ಅವನು ಬಂದಿದ್ದ. ಇಬ್ರೂ ಸೇರಿ ಮಾಡಿದ ಕಡೇ ಹಾಡಿನ ವಿಡಿಯೋಗೆ ಬಂದು ನಮ್ಮನೆಯವರ ಹೆಗಲ ಮೇಲೆ ಕೈ ಇಟ್ಟಿದ್ದ. ಹಾಸಿಗೆ ಹಿಡಿದಾಗ್ಲೂ ಅವರು ಅದನ್ನೇ ಹಾಕಿಸ್ಕೊಂಡು ನೋಡೋರು. 'ನೋಡು, ನನ್ನ ತಮ್ಮ ಬಂದ' ಅನ್ನೋರು."

"ಅಮ್ಮಾ, ವಿಡಿಯೋದಲ್ಲಿ ಬರೀ ಒಂದು ಕೈ ಕಾಣುತ್ತೆ. ಯಾರದ್ದೋ ಏನೋ! ಇವನು ಬರ್ಲಿಲ್ಲ ಅಂತ ಬೀದಿ ನಾಯಿಗೂ ಗೊತ್ತು," ಎಂದ ಡೀಮೆರ್ಸಿ.

"ಲುಕುಸಾ ಅಣ್ಣ ಅಲ್ಲೇ ಕೂತಿದ್ದಾರಲ್ಲ, ಅವರನ್ನೇ ಕೇಳು," ಎಂದಳು ಹೊನೊರೀನ್. "ಅವರು ಇಲ್ಲ ಅಂದ್ರೆ ಕಳಿಸಿಬಿಡು."

ಎಲ್ಲರೂ ಲುಕುಸಾನ ಕಡೆ ತಿರುಗಿದರು.

ಆ ಹಾಡನ್ನು ಧ್ವನಿಮುದ್ರಿಸಿದ್ದು ಬ್ಯಾಂಡು ಒಡೆಯುವ ಮುಂಚೆ. ಹಾಡು ಏರಿ, ಗಿಟಾರ್ ಒಂದೇ ಮುನ್ನುಗ್ಗುವ ಜಾಗದಲ್ಲಿ ಗಾಯಕ ಗಿಟಾರಿನವನ ಹೆಸರು ಹಿಡಿದು ಕೂಗಬೇಕು. ಇಲ್ಲಿ ಎಲ್ಲ ಹಾಡುಗಳೂ ಹಾಗೆಯೇ. ಎವಾರಿಸ್ಟ್ ಗಂಟಲು ಹರಿಯುವಂತೆ "ಕಿಯಾಲಾ! ನನ್ನ ತಮ್ಮಾ!" ಎಂದು ಕೂಗಿದ್ದ. ವಿಡಿಯೋ ತೆಗೆಯುವ ಹೊತ್ತಿಗೆ ಅದೇ ಎವಾರಿಸ್ಟ್, "ಆ ಹೆಸರು ಕಿತ್ತುಹಾಕು" ಎಂದು ಹಟ ಹಿಡಿದ. ಕಿತ್ತರೆ ಹಾಡಿನ ಬೆನ್ನುಮೂಳೆಯೇ ಮುರಿಯುತ್ತಿತ್ತು; ಉಳಿಸಿದರೆ ಆ ಹೆಸರಿನವನು ಬಂದ ಹಾಗೆ ತೆರೆಯ ಮೇಲೆ ಕಾಣಬೇಕಿತ್ತು. ಒಡಕಿಗೆ ಮುಂಚೆಯೇ ಇಡೀ ಬ್ಯಾಂಡಿಗೆ ಒಬ್ಬನೇ ದರ್ಜಿ ಕೆಂಪು ಕೋಟು ಹೊಲಿದಿದ್ದ. ಕಿಯಾಲಾನ ಕೋಟು ಮಾತ್ರ ಯಾರೂ ಒಯ್ಯದೆ ಅಂಗಡಿಯಲ್ಲೇ ನೇತಾಡುತ್ತಿತ್ತು. ಲುಕುಸಾ ಅದನ್ನು ತಂದು ತಾನೇ ತೊಟ್ಟ. ಹೊಟ್ಟೆಗೆ ಗುಂಡಿ ಕೂರಲಿಲ್ಲ, ಬೆನ್ನಿನ ಹೊಲಿಗೆ ಬಿಚ್ಚಿತು. ಬಿಚ್ಚಲಿ, ಅವನಿಗೆ ಬೇಕಾದದ್ದು ಒಂದು ತೋಳು. ಕ್ಯಾಮೆರಾವನ್ನು ಸಹಾಯಕನಿಗೆ ಕೊಟ್ಟು, ಎವಾರಿಸ್ಟನಿಗೆ ಒಂದು ಮಾತೂ ಹೇಳದೆ ಅವನ ಹಿಂದೆ ನಿಂತ. ಹೆಸರು ಬಂದ ಕ್ಷಣದಲ್ಲಿ ಹೆಗಲ ಮೇಲೆ ಕೈ ಇಟ್ಟ.

ಎವಾರಿಸ್ಟ್ ಕೆಂಪು ತೋಳು ನೋಡಿದ. ಹಿಂತಿರುಗಿದ. ನಕ್ಕ.

ಅಂಥ ನಗುವನ್ನು ಲುಕುಸಾ ಬೇರೆ ಯಾರ ಮುಖದಲ್ಲೂ ಸೆರೆಹಿಡಿದಿರಲಿಲ್ಲ. ಆ ಕೈ ನನ್ನದು, ಆ ನಗು ತೆಗೆಸಿದವನು ನಾನು ಎಂದು ಊರಿಗೆಲ್ಲ ಡಂಗುರ ಸಾರುವ ಆಸೆಯನ್ನು ಎಷ್ಟೋ ವರ್ಷ ನುಂಗಿಕೊಂಡಿದ್ದ. ಇವತ್ತು ಕೇಳಲು ಇಡೀ ಬೀದಿಯೇ ಕಿವಿ ತೆರೆದು ನಿಂತಿತ್ತು.

"ಬಂದಿದ್ದ," ಎಂದ ಲುಕುಸಾ, ಎದ್ದು ನಿಂತು. "ನಿರ್ದೇಶಕ ನಾನು. ನಾನು ತೆಗೆದ ಚಿತ್ರದೊಳಗೆ ನನಗೆ ಗೊತ್ತಿಲ್ದೆ ಯಾರ ಕೈ ಬರುತ್ತೋ? ಇಟ್ಟಿದ್ದು ಕಿಯಾಲಾನೇ. ದಾರಿ ಬಿಡು."

ಡೀಮೆರ್ಸಿ ದಾರಿ ಬಿಟ್ಟ. ಲುಕುಸಾ ಅಂದಮೇಲೆ ವಿಡಿಯೋದ ವಿಷಯದಲ್ಲಿ ಆ ಊರಿನಲ್ಲಿ ಎರಡನೇ ಮಾತಿರಲಿಲ್ಲ.

ಕಿಯಾಲಾ ನೇರ ಪೆಟ್ಟಿಗೆಯ ಹತ್ತಿರ ಹೋಗಲಿಲ್ಲ. ಲುಕುಸಾನ ಪಕ್ಕದ ಕುರ್ಚಿಯಲ್ಲಿ ಕುಸಿದು ಕೂತು, ದನಿ ತಗ್ಗಿಸಿದ.

"ಅಣ್ಣ, ಅವತ್ತು ನಾನು ನದಿಯಾಚೆ ಬ್ರಝಾವಿಲ್‌ನಲ್ಲಿದ್ದೆ. ನೀನು ಹೇಳಿ ಕಳಿಸಿದ್ರೂ ಬರ್ಲಿಲ್ಲ."

"ಗೊತ್ತು."

"ಮತ್ತೆ ಆ ಕೈ?"

"ನಂದು. ನಿನ್ನ ಕೋಟು, ನನ್ನ ಕೈ."

ಕಿಯಾಲಾ ತಲೆ ತಗ್ಗಿಸಿದ. "ಹಾಗಾದ್ರೆ ಅವನು ನಕ್ಕಿದ್ದೂ ನಿನ್ನ ನೋಡಿ."

"ಥೂ ಪೆದ್ದ! ನನ್ನ ಈ ಮೂತಿ ನೋಡಿ ಯಾವನಾದ್ರೂ ಹಾಗೆ ನಗ್ತಾನಾ? ಅವನಿಗೆ ಕಂಡಿದ್ದು ತೋಳು ಮಾತ್ರ. ನೀನೇ ಬಂದೆ ಅಂದ್ಕೊಂಡು ನಕ್ಕ. ನನ್ನ ಮುಖ ಕಾಣೋ ಮುಂಚೆ ಅಲ್ಲಿಗೇ ಕತ್ತರಿಸ್ದೆ. ನನ್ನ ಜೀವಮಾನದ ಕತ್ತರಿ ಕಣೋ ಅದು! ಒಂದು ಚೂರು ಮುಂದೆ ಹೋಗಿದ್ರೆ ಎಲ್ಲ ಹಾಳಾಗ್ತಿತ್ತು."

"ಕತ್ತರಿಸಿದ ಭಾಗದಲ್ಲಿ ಏನಿತ್ತು?"

ಲುಕುಸಾ ಪೆಟ್ಟಿಗೆಯ ಕಡೆ ನೋಡಿದ. ಕಿಯಾಲಾ ಅವನ ಮೊಣಕೈ ಹಿಡಿದು ಅಲುಗಿಸಿದ. "ಹೇಳಣ್ಣ."

"'ಅವನು ಬರ್ಲಿಲ್ವಾ?' ಅಂದ. ಅಷ್ಟೇ. ಆಮೇಲೆ ವಿಡಿಯೋ ಪೂರ್ತಿ ತೋರಿಸ್ದೆ. ಹೆಸರು ಕೀಳು ಅಂತಿದ್ದೋನು ಆ ಜಾಗಾನ ಇನ್ನೊಂದ್ಸಲ ಹಾಕಿಸ್ಕೊಂಡು ನೋಡ್ದ. 'ಇರ್ಲಿ ಬಿಡು ಲುಕುಸಾ, ಬಂದಿದ್ದ ಅಂತಾನೇ ಇರ್ಲಿ' ಅಂದ."

ಕಿಯಾಲಾ ಮುಖ ಮುಚ್ಚಿಕೊಂಡು ಅತ್ತ. ಅಷ್ಟು ದೊಡ್ಡ ಮನುಷ್ಯ ಹಾಗೆ ಬಿಕ್ಕುವುದನ್ನು ನೋಡಲಾಗದೆ ಲುಕುಸಾನ ಕಣ್ಣಲ್ಲೂ ನೀರು ತುಂಬಿತು. ಅಳು ನಿಂತ ಮೇಲೆ ಕಿಯಾಲಾ ಎದ್ದು, ಜನರ ನಡುವೆ ದಾರಿ ಮಾಡಿಕೊಂಡು ಪೆಟ್ಟಿಗೆಯ ಬಳಿ ಹೋಗಿ ಬಗ್ಗಿದ.

"ಬಂದೆ ಕಣಣ್ಣಾ," ಎಂದ. "ತುಂಬಾ ತಡ ಆಯ್ತು."