ಉಣ್ಣೆ ಹಾಸಿಗೆಯ ಹೈಜಂಪ್

ಶಾಲೆ ಮುಗಿಸುವ ಬಾಕ್ ಪರೀಕ್ಷೆಯ ಆಟೋಟದ ದಿನ ಬಂತೆಂದರೆ ನಮ್ಮ ಮಹ್ದಿಯಾ ಊರಿನ ಅಮ್ಮಂದಿರಿಗೆ ಎರಡೇ ಕೆಲಸ. ಮಗಳು ಚುರುಕಾಗಿದ್ದರೆ ಮೈದಾನದ ಗೋಡೆಗೆ ಆತು ನಿಂತು ಕೇಕೆ ಹಾಕುವುದು. ನನ್ನಂಥ ದಪ್ಪಗಿನವಳಾದರೆ ಡಾಕ್ಟರ ಹತ್ತಿರ ವಿನಾಯಿತಿ ಚೀಟಿ ಬರೆಸುವುದು. ನನ್ನಮ್ಮ ಲತೀಫಾ ಚೀಟಿ ಬರೆಸಿದ್ದಳು. ಮೊಣಕಾಲು ನೋವಂತೆ. ನನ್ನ ಮೊಣಕಾಲಿಗೇ ಆ ಸುದ್ದಿ ಗೊತ್ತಿರಲಿಲ್ಲ!

ಎರಡು ವಾರದಿಂದ ನಾನು ಮಾಳಿಗೆಯ ಮೇಲೆ ಕದ್ದು ಜಿಗಿಯುತ್ತಿದ್ದದ್ದು ಅವಳಿಗೆ ತಿಳಿಯದು. ಅಜ್ಜಿ ಉಣ್ಣೆ ತೊಳೆದು ಮತ್ತೆ ತುಂಬಿದ ಹಾಸಿಗೆಗಳನ್ನು ಅಲ್ಲಿ ಬಿಸಿಲಿಗೆ ಹಾಕಿದ್ದಳು. ಬಟ್ಟೆ ಒಣಹಾಕುವ ಹಗ್ಗ, ಅದರಾಚೆ ನಾಲ್ಕು ಹಾಸಿಗೆ, ಇನ್ನೇನು ಬೇಕು? ನೋಡುವವರೂ ಇಲ್ಲ. ಯಾರಾದರೂ ನೋಡಿದರೆ ಸಾಕು, ನನ್ನ ಕಾಲು ಏಳುತ್ತಿರಲಿಲ್ಲ. ಓಡಿದರೆ ಮೈ ಅಲುಗುತ್ತದೆ, ನಗುತ್ತಾರೆ ಎಂಬ ಭಯ.

ಪರೀಕ್ಷೆಯ ದಿನ ಚೀಟಿಯನ್ನು ಚೀಲದಿಂದ ತೆಗೆಯಲೇ ಇಲ್ಲ.

“ಒಲ್ಫಾ, ಗುಂಡು ಎಸೆತ ತಾನೆ?” ಮೊನ್ಸಫ್ ಮೇಷ್ಟ್ರು ಪಟ್ಟಿ ನೋಡುತ್ತಲೇ ಕೇಳಿದರು.

“ಅಲ್ಲ ಸಾರ್, ಹೈಜಂಪು.”

ಹಿಂದಿದ್ದ ನೆಸ್ರೀನ್, “ಕಂಬ ಗಟ್ಟಿಯಾಗಿ ಹಿಡ್ಕೊಳ್ರೇ, ಭೂಕಂಪ ಬರ್ತಿದೆ!” ಎಂದಳು. ಸಾಲಿಗೆ ಸಾಲೇ ನಕ್ಕಿತು.

ನೆಸ್ರೀನಳ ತಾಯಿಯ ಜೊತೆ ಬಂದು ಗೋಡೆಯ ಬಳಿ ನಿಂತಿದ್ದ ನನ್ನಮ್ಮ ಆಗಲೇ ನನ್ನನ್ನು ಕಂಡಳು. “ಲೇ ಒಲ್ಫಾ! ಚೀಟಿ ಎಲ್ಲೇ? ಮೊಣಕಾಲು ಕಣೇ, ಮೊಣಕಾಲು!”

“ಚೆನ್ನಾಗೇ ಇದೆ ಕಣಮ್ಮಾ!” ಎಂದು ಕೂಗಿ ಓಡಿಯೇಬಿಟ್ಟೆ.

ಮೊದಲ ಸಲ ಅಡ್ಡಕೋಲು ಬಿತ್ತು. ನಮ್ಮ ಮಾಳಿಗೆಯ ಹಗ್ಗ ಹಳೆಯದು, ನಡುವೆ ಜೋತುಬಿದ್ದಿತ್ತು. ಆ ತಗ್ಗಿನಲ್ಲೇ ಹಾರಿ ಹಾರಿ ಶೂರಳಾಗಿದ್ದ ಪೆದ್ದಿ ನಾನು. ಈ ಕೋಲಿಗೆ ತಗ್ಗೇ ಇಲ್ಲ! ಎರಡನೆಯ ಸಲವೂ ಬಿತ್ತು. ಇನ್ನು ಒಂದೇ ಅವಕಾಶ. ತಪ್ಪಿದರೆ ಸೊನ್ನೆ, ಆಮೇಲೆ ಊರಿಡೀ ನನಗೆ ಭೂಕಂಪ ಅಂತಲೇ ಹೆಸರು.

ಉಸಿರು ಬಿಗಿಹಿಡಿದು ಓಡಿದೆ. ಮೈಯೆಲ್ಲ ಅಲುಗಿತು. ಅಲುಗಲಿ, ಹಾರಬೇಕಾದದ್ದು ಇದೇ ಮೈ ತಾನೇ! ನೆಲವನ್ನು ಒದ್ದು ಮೇಲೆದ್ದೆ. ಕೋಲು ಬೆನ್ನನ್ನು ಸವರಿತು. ನಾನು ಆಚೆ ಬಿದ್ದೆ, ಕೋಲು ನಡುಗಿತು, ನಡುಗಿತು, ಬೀಳಲಿಲ್ಲ. ಅಯ್ಯೋ ದೇವರೇ, ಬೀಳಲೇ ಇಲ್ಲ!

ಗೋಡೆಯ ಬಳಿ ಅಮ್ಮ ನೆಸ್ರೀನಳ ತಾಯಿಯನ್ನೇ ತಬ್ಬಿಕೊಂಡು ಕುಣಿಯುತ್ತಿದ್ದಳು. ನನಗೋ ಖುಷಿಯಿಂದ ಕಾಲು ನೆಲದ ಮೇಲೆ ನಿಲ್ಲಲೊಲ್ಲದು.

“ಪಾಸಾದೆ, ಹೋಗಮ್ಮ,” ಎಂದರು ಮೇಷ್ಟ್ರು.

“ಇನ್ನೂ ಐದು ಸೆಂಟಿಮೀಟರ್ ಏರಿಸಿ ಸಾರ್.”

“ಬಿದ್ರೆ?”

“ಬೀಳ್ತೀನಿ. ಎಲ್ರೂ ನೋಡ್ಲಿ ಬಿಡಿ!”