ಮೈನಸ್ ಹದಿನೆಂಟರಲ್ಲಿ ಮುಟ್ಟಾಟ

ಎಲ್ಲರೂ ಅವಳನ್ನು ಗಿಲಕಿ ಎನ್ನುತ್ತಿದ್ದರು. ವಯಸ್ಸು ಮೂವತ್ತರ ಹತ್ತಿರವಾದರೂ ಬಾಯಿಗೆ ಬಿಡುವಿರಲಿಲ್ಲ. ಕೋಲ್ಡ್ ಸ್ಟೋರೇಜಿನ ಗೋಡೆಗೆ ಕಟ್ಟಿದ ಹಿಮದ ಮೇಲೆ ಬೆರಳಿನಿಂದ ಬೆಕ್ಕಿನ ಮುಖ ಬರೆಯುವಳು, ತನ್ನ ಬಾಯಿಂದ ಹೊಮ್ಮುವ ಹಬೆ ನೋಡಿ ತಾನೇ ನಗುವಳು. ಅವಳ ಸೋದರತ್ತೆಯೇ ಅಲ್ಲಿಯ ಸೂಪರ್‌ವೈಸರ್. ಕೆಲಸ ಕೊಡಿಸಿದ್ದೂ ಅವರೇ.

“ಕತ್ತೆ ವಯಸ್ಸಾಯ್ತು, ಇನ್ನೂ ಬೆಕ್ಕು ಬರೀತಾಳಂತೆ,” ಎಂದು ಅತ್ತೆ ಆ ಮಧ್ಯಾಹ್ನವೂ ಗೊಣಗಿದರು.

ಉಳಿದವರು ಒಂದು ಮದುವೆ ಊಟಕ್ಕೆ ಹೋಗಿದ್ದರು. ಲಾರಿಗೆ ಹಾಕಬೇಕಾದ ಬಟಾಣಿ ಪೆಟ್ಟಿಗೆಗಳನ್ನು ಬೇರೆ ಮಾಡಿಡಲು ಇಬ್ಬರೂ ಒಳಗೆ ಹೋದರು. ದಪ್ಪ ಬಾಗಿಲು ಎಂದಿನಂತೆ ತಾನಾಗಿ ಮುಚ್ಚಿಕೊಂಡಿತು. ಕೆಲಸ ಮುಗಿಸಿ ಅತ್ತೆ ಒಳಗಿನ ಹಿಡಿಕೆ ತಿರುಗಿಸಿದರೆ ಅದು ಕಳಚಿ ಕೈಗೇ ಬಂತು.

ಇಬ್ಬರೂ ಬಾಗಿಲು ಬಡಿದರು, ಕೂಗಿದರು. ಫ್ಯಾನುಗಳ ಭೋರ್ಗರೆತದಲ್ಲಿ ಅವರ ಕೂಗು ಅವರಿಗೇ ಸರಿಯಾಗಿ ಕೇಳಲಿಲ್ಲ. ಫೋನುಗಳು ಹೊರಗೆ ಮೇಜಿನ ಮೇಲಿದ್ದವು.

“ಅತ್ತೆ, ನಂಗೆ ಭಯ ಆಗ್ತಿದೆ.”

“ಭಯ ಎಂಥದ್ದು? ಊಟ ಮುಗಿಸಿ ಬರ್ತಾರೆ. ಸುಮ್ನೆ ಕೂತ್ಕೋ.”

ಯಾರೂ ಬರಲಿಲ್ಲ. ಗಿಲಕಿಯ ರೆಪ್ಪೆಗಳು ಅಂಟಿಕೊಳ್ಳತೊಡಗಿದವು. ಪೆಟ್ಟಿಗೆಯ ಮೇಲೆ ಕುಳಿತಿದ್ದ ಅತ್ತೆಯ ತಲೆ ನಿಧಾನವಾಗಿ ವಾಲಿತು.

“ಒಂಚೂರು ಕಣ್ಮುಚ್ತೀನಿ ಕಣೇ,” ಎಂದರು. ಮಾತು ತೊದಲುತ್ತಿತ್ತು.

ಇಲ್ಲಿ ನಿದ್ದೆ ಹೋದವರು ಏಳುವುದಿಲ್ಲ ಎಂಬುದು ಗಿಲಕಿಗೆ ಗೊತ್ತಿತ್ತು. ಎಳೆದಳು, ಬೇಡಿಕೊಂಡಳು, ಅತ್ತೆ ಅಲ್ಲಾಡಲಿಲ್ಲ. ಬೇರೇನೂ ತೋಚದೆ ಅವರ ಬೆನ್ನಿಗೆ ಪಟ್ಟನೆ ಹೊಡೆದಳು.

“ಔಟ್! ಈಗ ನೀವು ನನ್ನ ಹಿಡೀಬೇಕು!”

ಅತ್ತೆ ಕಣ್ಣು ಬಿಟ್ಟರು. “ಹುಚ್ಚು ಹಿಡೀತೇನೇ ನಿಂಗೆ?”

ಗಿಲಕಿ ಇನ್ನೊಂದು ಏಟು ಕೊಟ್ಟಳು. ಅವರ ಟೋಪಿ ಕಿತ್ತುಕೊಂಡು ಪೆಟ್ಟಿಗೆಗಳ ಸಾಲಿನ ಹಿಂದೆ ಓಡಿದಳು. ಅತ್ತೆಗೆ ಸಿಟ್ಟು ನೆತ್ತಿಗೇರಿತು. ಕೆನ್ನೆಗೆ ಬಾರಿಸಲೆಂದೇ ಎದ್ದು ಬೆನ್ನಟ್ಟಿದರು. ಗಿಲಕಿ ಅಳುತ್ತಲೇ ಓಡಿದಳು, ಅಳುತ್ತಲೇ ನಾಲಿಗೆ ಚಾಚಿ ಅಣಕಿಸಿದಳು. ಅತ್ತೆ ನಿಧಾನಿಸಿದರೆ ಹತ್ತಿರ ಬಂದು ಮುಟ್ಟಿ ಓಡುವಳು. ಎಷ್ಟು ಹೊತ್ತು ಹೀಗೆ ನಡೆಯಿತೋ! ಕೊನೆಗೆ ಅತ್ತೆ ಅವಳ ತೋಳು ಹಿಡಿದರು. ಹೊಡೆಯಲಿಲ್ಲ. ಅವಳನ್ನು ತಬ್ಬಿಕೊಂಡು ಗಡಗಡ ನಡುಗಿದರು.

“ನಂಗೂ ಭಯ ಕಣೇ. ಆಗಿಂದ್ಲೂ ಭಯ.”

“ಹಾಗಾದ್ರೆ ನಿಲ್ಬೇಡಿ ಅತ್ತೆ. ಓಡಿ.”

ಓಡಲು ಕಾಲು ಬರಲಿಲ್ಲ. ಒಬ್ಬರನ್ನೊಬ್ಬರು ಹಿಡಿದು ನಿಂತಲ್ಲೇ ಕುಣಿದರು. ಹಾರ್ನ್ ಬಾರಿಸಿ ಬಾರಿಸಿ ಸಾಕಾಗಿ ಇಳಿದುಬಂದ ಲಾರಿ ಡ್ರೈವರ್ ಬಾಗಿಲು ತೆರೆದಾಗಲೂ ಅವರು ಕುಣಿಯುತ್ತಿದ್ದರು.

“ಏನ್ರಮ್ಮಾ ಇದು!” ಎಂದವನು ಅವರ ತುಟಿಗಳ ಬಣ್ಣ ನೋಡಿ, ಮಾತು ನಿಲ್ಲಿಸಿ ಅತ್ತೆಯನ್ನು ಎತ್ತಿಕೊಂಡ.

ಆಸ್ಪತ್ರೆಯಲ್ಲಿ ಅತ್ತೆಗೆ ಕಂಬಳಿಗಳನ್ನು ಹೊದಿಸಿದರು. ಬೆರಳುಗಳು ಉಳಿಯುತ್ತವೋ ಇಲ್ಲವೋ ನಾಳೆ ಹೇಳುತ್ತೇವೆ, ಜೀವಕ್ಕೇನೂ ಅಪಾಯವಿಲ್ಲ ಎಂದರು ಡಾಕ್ಟರು. ಅತ್ತೆ ಗಿಲಕಿಯ ಅಂಗಿಯ ತುದಿಯನ್ನು ಬಿಡಲೇ ಇಲ್ಲ.

ನರ್ಸ್ ಬಂದು ಕೇಳಿದಳು, “ಇವರ ಜೊತೆ ದೊಡ್ಡೋರು ಯಾರಿದ್ದೀರಿ?”

ಗಿಲಕಿ ಸುತ್ತ ನೋಡಿದಳು. ಯಾರೂ ಇರಲಿಲ್ಲ. ತರಗತಿಯಲ್ಲಿ ಎತ್ತುವಂತೆ ಕೈಯನ್ನು ಮೇಲೆತ್ತಿದಳು.