ಸುವರ್ಣಮ್ಮನ ಎಡೆ

ಪಿತೃಪಕ್ಷದ ಎಡೆಗೆ ಅಮ್ಮನಿಗೊಂದು ಸೀರೆ ತರೋಣವೆಂದು ಹೊರಟವಳು ಚನ್ನರಾಯಪಟ್ಟಣದ ಬೈಪಾಸಿನಲ್ಲಿ ಗಕ್ಕನೆ ಕಾರು ನಿಲ್ಲಿಸಿಬಿಟ್ಟೆ. ಮುಂದೆ ಹೋಗುತ್ತಿದ್ದ ಲಾರಿಯ ಹಿಂದಿನ ಹಲಗೆಯ ತುಂಬ ಆಲೂಗಡ್ಡೆ ಹೂವು. ಬಿಳಿ ಎಸಳು, ನಡುವೆ ಹಳದಿ, ಅಂಚಿಗೆ ಒಂಚೂರು ನೇರಳೆ. ಬೇರೆಯವರು ಲಾರಿಗೆ ಹದ್ದು, ಹುಲಿ, ಕಮಲ ಬರೆಸುತ್ತಾರೆ. ಆಲೂಗಡ್ಡೆ ಹೂವು ಬರೆಯುತ್ತಿದ್ದವಳು ನಮ್ಮ ಕಡೆಗೆಲ್ಲ ಅಮ್ಮ ಒಬ್ಬಳೇ. ಅವಳು ಹೋಗಿ ಆಗಲೇ ನಾಲ್ಕು ತಿಂಗಳಾಗಿತ್ತು. ಹಿಂದಿನ ಬಸ್ಸಿನವನು ಹಾರ್ನ್ ಒತ್ತಿ, ಬೈದು, ಮುಂದೆ ಹೋದ.

ಅಮ್ಮ ಸತ್ತಿದ್ದೂ ಹಾಗೇ, ಗಕ್ಕನೆ. ಮೇ ತಿಂಗಳು, ಬಿತ್ತನೆ ಆಲೂಗಡ್ಡೆಯ ಸೀಸನ್ನು. ಹಾಸನದ ನಮ್ಮ ಬೀಜದ ಮಂಡಿಯಲ್ಲಿ ಲಾರಿಯಿಂದ ಇಳಿದು ಮೂಟೆಯ ಮೇಲೆ ಕೂತವಳು ಮತ್ತೆ ಏಳಲಿಲ್ಲ. ಆಸ್ಪತ್ರೆಯವರು ಕೈಚೆಲ್ಲಿದರು. ಕಟ್ಟಾಯದ ಹತ್ತಿರದ ನಮ್ಮೂರಿಗೆ ತಂದು ಪಡಸಾಲೆಯಲ್ಲಿ ಮಲಗಿಸಿದಾಗ ಇನ್ನೂ ಉಸಿರಾಡುತ್ತಿದ್ದಳು. ದೇವರ ಗೂಡಿನಲ್ಲಿ ಗಂಗೆಯ ತಾಮ್ರದ ಗಿಂಡಿ ಇತ್ತು. ನಾನು ಚಿಕ್ಕವಳಿದ್ದಾಗ ಅಮ್ಮ ಮತ್ತು ಅಜ್ಜಿ ಇಬ್ಬರೇ ಕಾಶಿಗೆ ಹೋಗಿ ಬಂದು, ಊರಿಗೆಲ್ಲ ಸಮಾರಾಧನೆಯ ಊಟ ಹಾಕಿ, ನೆಂಟರಿಗೆಲ್ಲ ಅಂಥ ಗಿಂಡಿಗಳನ್ನು ಹಂಚಿದ್ದರು. ಅದರಿಂದ ನಾನೇ ಅಮ್ಮನ ಬಾಯಿಗೆ ಎರಡು ಹನಿ ಬಿಟ್ಟೆ. ಅಮ್ಮ ಗಿಂಡಿಯನ್ನು ನೋಡಿ ನಕ್ಕಳು. ಅಲ್ಲಿಗೆ ಮುಗಿಯಿತು. ಪುಣ್ಯವಂತೆ, ನಗುನಗುತ್ತ ಹೋದಳು ಎಂದು ನೆರೆದವರೆಲ್ಲ ಹೇಳಿದರು. ಐವತ್ತೆಂಟಕ್ಕೇ ಸಾಯುವುದು ಯಾವ ಸೀಮೆಯ ಪುಣ್ಯವೋ ಕಾಣೆ. ನನಗೆ ಮೈಯೆಲ್ಲ ಉರಿದುಹೋಯಿತು.

ಅಮ್ಮನ ಹೆಸರು ಸುವರ್ಣಮ್ಮ. ತವರು ಅರಕಲಗೂಡು. ನಾನು ಕೈಗೂಸಾಗಿದ್ದಾಗಲೇ ಅಪ್ಪ ತೀರಿಕೊಂಡ. ಮೂಲೆ ಹಿಡಿದು ಕೂರುತ್ತಾಳೆಂದು ಎಲ್ಲರೂ ಅಂದುಕೊಂಡರೆ, ಇವಳು ಬಿತ್ತನೆ ಬೀಜದ ವ್ಯಾಪಾರಕ್ಕೆ ಇಳಿದಳು. ಪಂಜಾಬಿನ ಜಲಂಧರದಿಂದ ಆಲೂಗಡ್ಡೆ ಬೀಜ ತರಿಸಿ ಹಾಸನದಲ್ಲಿ ಮಾರುವವರೆಲ್ಲ ಗಂಡಸರು. ಅವರ ನಡುವೆ ಸೆರಗು ಸಿಕ್ಕಿಸಿಕೊಂಡು ನಿಂತಳು. ಲಾರಿ ಓಡಿಸುವುದನ್ನು ಕಲಿತಳು. ಚನ್ನರಾಯಪಟ್ಟಣದ ಗ್ಯಾರೇಜಿನಲ್ಲಿ ಪೇಂಟರ್ ಬರೆದ ಕಮಲ ಎಲೆಕೋಸಿನ ಹಾಗಿದೆ ಎಂದು ಜಗಳ ತೆಗೆದು, ಅವನ ಬ್ರಷ್ಷು ಕಿತ್ತುಕೊಂಡು ತಾನೇ ಆಲೂಗಡ್ಡೆ ಹೂವು ಬರೆದಳು. ಆಮೇಲೆ ಬೇರೆ ಲಾರಿಗಳವರೂ ಹುಡುಕಿಕೊಂಡು ಬರತೊಡಗಿದರು. ನಲವತ್ತು ದಾಟಿದ ಮೇಲೆ ಜಾವೆಲಿನ್ ಹುಚ್ಚು ಹಿಡಿಯಿತು. ಆಲೂಗಡ್ಡೆ ಅಗೆದ ಹೊಲದಲ್ಲಿ ಬಿದಿರು ಗಳ ಎಸೆದು ಎಸೆದು ಕಲಿತು, ಹಿರಿಯರ ಕ್ರೀಡಾಕೂಟಗಳಲ್ಲಿ ಪದಕ ಗೆದ್ದು, ಒಂದು ಸಲ ಕೊಲಂಬೋಗೂ ಹೋಗಿ ಬಂದಳು. ಇಂಥವಳ ಮಗಳು ನಾನು, ದೀಪಶ್ರೀ. ನನಗೆ ಕಾರೊಂದು ಬಿಟ್ಟರೆ ಸೈಕಲ್ಲೂ ನೆಟ್ಟಗೆ ಬರುವುದಿಲ್ಲ. ಅವಳಿಂದ ಬಂದದ್ದು ಸಿಟ್ಟೊಂದೇ.

ಆ ಸಿಟ್ಟೆಲ್ಲ ಅಜ್ಜಿ ದೊಡ್ಡತಾಯಮ್ಮನ ಮೇಲೆ. ಮೂವತ್ತು ವರ್ಷದಲ್ಲಿ ಸೊಸೆಯ ಬಗ್ಗೆ ಅವಳ ಬಾಯಿಂದ ಒಂದೇ ಒಂದು ಒಳ್ಳೆಯ ಮಾತು ಬರಲಿಲ್ಲ. ಅಮ್ಮ ಲಾರಿ ಹತ್ತಿದಳೆಂದರೆ ಸಾಕು, ಅಜ್ಜಿ ಜಗಲಿಗೆ ಬಂದು ಬೀದಿಗೆಲ್ಲ ಕೇಳುವ ಹಾಗೆ ಶುರು ಹಚ್ಚಿಕೊಳ್ಳುತ್ತಿದ್ದಳು.

“ಗಂಡುಬೀರಿ! ಮನೆ ಮಾನ ಕಳ್ಯಾಕೇ ಉಟ್ಟವ್ಳೆ! ಓಗು, ಊರೂರು ಸುತ್ತು ಓಗು!”

ಆ ಬೈಗುಳ ಕೇಳಲಾರದೆ ಊರಿನವರಿಗೇ ಅಮ್ಮನ ಮೇಲೆ ಕನಿಕರ ಬರುತ್ತಿತ್ತು. ಪಾಪ, ಅತ್ತೆ ಹೀಗೆ ಗೋಳು ಹೊಯ್ದುಕೊಂಡರೆ ಅವಳಾದರೂ ಏನು ಮಾಡಿಯಾಳು ಅನ್ನುತ್ತಿದ್ದರು. ನಾನು ಅಜ್ಜಿಯ ಹತ್ತಿರ ಮಾತು ಬಿಟ್ಟು ಎಷ್ಟೋ ವರ್ಷವಾಗಿತ್ತು. ನೀನು ಯಾಕೆ ತಿರುಗಿ ಮಾತಾಡುವುದಿಲ್ಲ ಎಂದು ಅಮ್ಮನನ್ನು ಕೇಳಿದರೆ, “ಬೈಲಿ ಬಿಡು, ಅವ್ರಿಗೂ ಒಂದು ಕೆಲ್ಸ ಬೇಕಲ್ವಾ,” ಅಂದು ಗೇರು ಬದಲಾಯಿಸುತ್ತಿದ್ದಳು.

ಅಮ್ಮ ಹೋದ ಮೇಲೆ ಮಂಡಿ ನಾನು ನೋಡಿಕೊಳ್ಳುತ್ತಿದ್ದೆ. ಬಿದ್ದು ಎದ್ದು ಕಲಿಯುತ್ತಿದ್ದೆ. ಆದರೆ ಮಂಡಿಯ ಜಾಗ, ಶೆಡ್ಡು ಎಲ್ಲ ಅಜ್ಜಿಯ ಹೆಸರಿನಲ್ಲಿತ್ತು. ಧರ್ಮೇಂದ್ರ ಚಿಕ್ಕಪ್ಪ, ಅಪ್ಪನ ತಮ್ಮ, ಅದನ್ನು ಮಾರಲು ಗಿರಾಕಿ ಹುಡುಕಿ ಪತ್ರವನ್ನೂ ಬರೆಸಿ ಇಟ್ಟುಕೊಂಡಿದ್ದ. ಅಜ್ಜಿಯ ಹೆಬ್ಬೆಟ್ಟು ಒಂದು ಬಿದ್ದರೆ ಅಮ್ಮನ ಮಂಡಿ ಮುಗಿದ ಹಾಗೆ. “ಎಡೆ ಆಗೋಗ್ಲಿ ಕಣ್ಲಾ, ಒತ್ತೀನಿ,” ಅಂದಿದ್ದಳು ಅಜ್ಜಿ. ಅದಕ್ಕೇ ನನಗೆ ಆ ಎಡೆಯ ದಿನ ಬರುವುದೇ ಬೇಡವಾಗಿತ್ತು.

ಬಂತು. ಹೊಳೆನರಸೀಪುರದಿಂದ ಸುಬ್ಬಮ್ಮಜ್ಜಿ ಬಂದಳು. ಅವಳು ಅಜ್ಜಿಯ ನಾದಿನಿ. ಬಾಳೆಲೆಯ ಮೇಲೆ ಮುದ್ದೆ, ಕೋಳಿ ಸಾರು, ಕಜ್ಜಾಯ, ವಡೆ ಬಡಿಸಿದೆವು. ಹೊಸ ಸೀರೆ ಇಟ್ಟೆವು. ನಾನು ಪದಕಗಳನ್ನೂ ಬ್ರಷ್ಷನ್ನೂ ಇಟ್ಟೆ. ಚಿಕ್ಕಪ್ಪ, “ಇದೇನು ಎಕ್ಸಿಬಿಷನ್ನಾ?” ಅಂದ. ನಾನು ಅವನ ಕಡೆ ನೋಡಲೂ ಇಲ್ಲ. ಅವನು ಗಂಗೆಯ ಗಿಂಡಿಯನ್ನು ತಂದು ಎಲೆಯ ಪಕ್ಕ ಇಟ್ಟು ಕೈಮುಗಿದ.

ಎಡೆ ಇಟ್ಟ ಮೇಲೆ ಎಲ್ಲರೂ ಹೊರಗೆ ಬಂದು ಬಾಗಿಲು ಹಾಕಿಕೊಳ್ಳಬೇಕು. ಸತ್ತವರು ಬಂದು ಉಣ್ಣುವಾಗ ಬದುಕಿದವರು ಒಳಗಿರಬಾರದು. ನಾವು ಜಗಲಿಯಲ್ಲಿ ನಿಂತೆವು. ಆಗ ಒಳಗೆ ಯಾರೋ ಮಾತಾಡಿದರು.

ಸುಬ್ಬಮ್ಮಜ್ಜಿ ನನ್ನ ತೋಳು ಹಿಡಿದುಕೊಂಡಳು. ಆಮೇಲೆ ಗೊತ್ತಾಯಿತು, ಅಜ್ಜಿ ಹೊರಗೆ ಬಂದೇ ಇರಲಿಲ್ಲ. ಕಿವಿ ಮಂದವಾದ ಮೇಲೆ ಅವಳಿಗೆ ಪಿಸುಗುಟ್ಟುವುದೂ ಕೂಗಿದ ಹಾಗೆಯೇ ಬರುತ್ತದೆ. ಒಂದೊಂದು ಮಾತೂ ಜಗಲಿಗೆ ಕೇಳುತ್ತಿತ್ತು.

“ಬಂದೇನೇ ಸುವರ್ಣಿ? ಉಣ್ಣು. ಸಾರ್ಗೆ ಉಪ್ಪು ಕಮ್ಮಿ ಆಗೈತೆ, ನಿನ್ ಮಗಳು ಮಾಡಿರಾದು. ಇಲ್ನೋಡೇ, ಗಂಗೆ ಬೇರೆ ಇಟ್ಟವ್ರೆ ನಿಂಗೆ.” ಅಜ್ಜಿ ನಕ್ಕಳು. ಅವಳು ನಗುವುದನ್ನು ನಾನು ಕೇಳಿಯೇ ಇರಲಿಲ್ಲ. “ಜಲಂಧರದ ಪಂಪ್‌ಸೆಟ್ ನೀರು! ನಿನ್ ಬಾಯ್ಗೆ ಬುಟ್ಟಾಗ ನಕ್ಬುಟ್ಟೆಯಲ್ಲೇ. ಎಲ್ಲಿ ಎಲ್ಲಾರ್ ಮುಂದೆ ಗುಟ್ಟು ಏಳ್ಬುಡ್ತಾಳೋ ಅಂತ ನನ್ ಜೀವ ಬಾಯಿಗ್ ಬಂದಿತ್ತು.”

ಚಿಕ್ಕಪ್ಪ ನನ್ನ ಮುಖ ನೋಡಿದ. ನಾನು ಅವನ ಮುಖ ನೋಡಿದೆ.

“ಕಾಶಿಗೆ ಅಂತ ಏಳಿ ಇಬ್ರೂ ಲಾರಿ ಅತ್ತಿದ್ವಿ. ಗಂಡ ಇಲ್ದೋಳು ನೀನು ಡ್ರೈವರ್ ಜೊತೆ ಒಬ್ಳೇ ಜಲಂಧರಕ್ಕೆ ಓದ್ರೆ ಊರು ಬುಟ್ಟಾದಾ? ಅದ್ಕೇ ನಾನೂ ಬತ್ತೀನಿ ನಡಿಯೇ ಅಂದೆ. ಡೆಲ್ಲೀಲಿ ಗಿಂಡಿ ತಗಂಡ್ವಿ. ಬತ್ತಾ ಆಸನದಲ್ಲಿ ಲಾರಿ ಇಳ್ದು, ಕೈಗೆ ಕಾಶಿ ದಾರ ಕಟ್ಕಂಡು, ಬಸ್ಸಲ್ಲಿ ಮನೆಗ್ ಬಂದ್ವಲ್ಲೇ! ಊರೋರೆಲ್ಲ ಕಾಲಿಗ್ ಬಿದ್ರು!”

ಸುಬ್ಬಮ್ಮಜ್ಜಿ ನನ್ನ ತೋಳು ಬಿಟ್ಟಳು. “ಅಯ್ಯೋ ನಮ್ಮಪ್ಪನೇ! ನಮ್ ಎಜಮಾನ್ರ ಬಾಯ್ಗೆ ಅದನ್ನೇ ಬುಟ್ಟೆನಲ್ಲೋ!” ಅಂದು ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಚಿಕ್ಕಪ್ಪ ಜಗಲಿಯ ಮೇಲೆ ಕುಸಿದು ಕೂತ. ತಾತ ನಂಜಪ್ಪ ಸಾಯುವಾಗ ಗಂಗೆ ಬಿಟ್ಟವನು ಅವನೇ. ಪ್ರತಿ ವರ್ಷ ಆ ಗಿಂಡಿಯನ್ನು ಹುಣಸೆಹಣ್ಣು ಹಾಕಿ ತಿಕ್ಕಿ, ಅರಿಶಿನ ಕುಂಕುಮ ಹಚ್ಚುತ್ತಿದ್ದವನೂ ಅವನೇ. ನಾನಂತೂ ಕಂಬ ಹಿಡಿದುಕೊಂಡು ನಿಂತೆ. ಅಮ್ಮ ಸಾಯುವಾಗ ನಕ್ಕಿದ್ದು ಪುಣ್ಯಕ್ಕಲ್ಲ. ತನ್ನ ಮೊದಲ ಸಾಹಸದ ನೀರನ್ನು ಮಗಳು ಭಕ್ತಿಯಿಂದ ಕುಡಿಸುತ್ತಿದ್ದಾಳೆಂದು ನಕ್ಕಿದ್ದು! ಇಷ್ಟು ವರ್ಷ ಒಂದೇ ಮನೆಯಲ್ಲಿದ್ದು ಇವರಿಬ್ಬರ ಗುಟ್ಟು ನನಗೆ ಗೊತ್ತಾಗಲಿಲ್ಲವಲ್ಲ.

ಒಳಗೆ ಅಜ್ಜಿಯ ದನಿ ಸಣ್ಣದಾಯಿತು. ನಾನು ಬಾಗಿಲಿಗೆ ಕಿವಿ ಕೊಟ್ಟೆ.

“ನಿಂಗೆ ಬೈದೂ ಬೈದೂ ನನ್ ಗಂಟ್ಲೇ ಬಿದ್ದೋಯ್ತು ಕಣೇ. ನೀನೇ ಅಲ್ವಾ ಏಳ್ಕೊಟ್ಟಿದ್ದು? ನೀವು ಒಗಳಿದ್ರೆ ಊರೋರು ಬೈತಾರೆ, ನೀವೇ ಬೈದ್ರೆ ಅವ್ರು ಪಾಪ ಅಂತಾರೆ, ಜೋರಾಗ್ ಬೈಯ್ರಿ ಅತ್ತೆಮ್ಮ ಅಂತ. ಬೈದೆ. ಯಾವ ನನ್ಮಗನೂ ನಿನ್ ತಂಟೆಗ್ ಬರಲಿಲ್ಲ. ಮಗೀಗಾದ್ರೂ ಏಳಾನ ಅಂದ್ರೆ, ಬ್ಯಾಡ, ಅವ್ಳ ಬಾಯಲ್ಲಿ ಗುಟ್ಟು ನಿಲ್ಲಾಕಿಲ್ಲ ಅಂದ್ಬುಟ್ಟೆ. ಈಗ ಆ ಮಗು ನನ್ ಮಕಾನೇ ನೋಡಾದಿಲ್ಲ.”

ಅವಳು ಮೂಗು ಸೀಟಿದ್ದು ಕೇಳಿಸಿತು.

“ಇನ್ಮೇಲೆ ಅವ್ಳಿಗೂ ಬೈಬೇಕಲ್ಲೇ. ಎಂಬತ್ನಾಕಾಯ್ತು ನಂಗೆ. ಸಕ್ತಿ ಎಲ್ಲೈತೆ?”

ಬಾಗಿಲು ತೆರೆಯಿತು. ನಾವು ಕೇಳಿದ್ದು ಅಜ್ಜಿಗೆ ಗೊತ್ತಿರಲಿಲ್ಲ. ಕಣ್ಣು ಒರೆಸಿಕೊಂಡು ಹೊಸ್ತಿಲು ದಾಟಿದಳು. ಚಿಕ್ಕಪ್ಪ ಎದ್ದು ನಿಂತ. ಮುಖದಲ್ಲಿ ರಕ್ತವಿರಲಿಲ್ಲ. ಆದರೂ ಜೇಬಿಗೆ ಕೈ ಹಾಕಿದ.

“ಅವ್ವಾ, ಆ ಪತ್ರ...”

“ಎಬ್ಬೆಟ್ಟೂ ಇಲ್ಲ, ಕಿರುಬೆಟ್ಟೂ ಇಲ್ಲ. ಇವ್ಳು ಮಾನ ಕಳ್ದು ಮುಗುಸ್ಲಿ ತಡಿ,” ಅಂದು ಅಜ್ಜಿ ನೇರ ನನ್ನ ಕಡೆ ಬಂದಳು. ಜಗಲಿಯ ತುದಿಗೆ ನಿಂತಳು. ಬೀದಿಯ ಆ ಕಡೆ ಈ ಕಡೆ ನೋಡಿದಳು. ಎದುರು ಮನೆಯವಳು ಬಾಗಿಲಲ್ಲಿ ಅಕ್ಕಿ ಕೇರುತ್ತಿದ್ದಳು.

“ಏನೇ ಗರ ಬಡ್ದೋಳಂಗೆ ನಿಂತಿದ್ದೀಯ, ಗಂಡುಬೀರಿ! ನಾಳೆ ಒತ್ತಾರೆ ಮಂಡಿ ಬಾಗ್ಲು ತೆಗ್ಯಾಕೆ ನಿಮ್ಮಪ್ಪ ಬತ್ತಾನಾ? ಆ ಜಲಂಧರಕ್ಕೂ ಓಗು! ನಿಮ್ಮವ್ವನಂಗೇ ಊರೂರು...”

ಮಾತಿನ ನಡುವೆಯೇ ಕೆಮ್ಮು ಬಂತು. ಎದುರು ಮನೆಯವಳು ಮೊರ ಕೆಳಗಿಟ್ಟು, “ಬುಡಿ ದೊಡ್ಡತಾಯಮ್ಮ, ಪಾಪ, ತಾಯಿಲ್ದ ಮಗು, ಬದುಕ್ಕಳ್ಳಿ,” ಎಂದು ಕೂಗಿದಳು.

ನಾನು ಒಳಗೆ ಓಡಿ ನೀರು ತಂದೆ. ಅಜ್ಜಿ ಕುಡಿಯುವಾಗ ಅವಳ ಬೆನ್ನು ಸವರಿದೆ. ಅವಳನ್ನು ಮುಟ್ಟಿ ಎಷ್ಟು ವರ್ಷವಾಗಿತ್ತೋ. ಮೂಳೆ ಮೂಳೆ ಕೈಗೆ ಸಿಕ್ಕಿತು. ಕಿವಿಯ ಹತ್ತಿರ ಬಾಗಿ ಹೇಳಿದೆ.

“ಇನ್ನೂ ಜೋರಾಗಿ ಬೈಯಜ್ಜಿ.”

ಅಜ್ಜಿ ಬೆಚ್ಚಿಬಿದ್ದು ನನ್ನನ್ನು ನೋಡಿದಳು. ಸುಬ್ಬಮ್ಮಜ್ಜಿಯನ್ನು ನೋಡಿದಳು, ಚಿಕ್ಕಪ್ಪನನ್ನು ನೋಡಿದಳು, ತೆರೆದ ಬಾಗಿಲನ್ನು ನೋಡಿದಳು. ಲೋಟ ಕೈಜಾರಿ ಬಿತ್ತು. ಆಮೇಲೆ ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡು, ಕಣ್ಣಲ್ಲಿ ನೀರು ಸುರಿಯುತ್ತಿದ್ದರೂ ಬೀದಿಯ ಕಡೆ ತಿರುಗಿ, ಮೊದಲಿಗಿಂತ ಜೋರಾಗಿ ನನ್ನನ್ನು ಬೈಯತೊಡಗಿದಳು.